ಸಮುದ್ರದ ಬಂಗ್ಲೆಯ ಮೆಹಮಾನ್ ಖೋಲಿ

ಸಿಂಧನೂರಿನಿಂದ ಮಸ್ಕಿ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ, ಸ್ವಲ್ಪ ದೂರ ಹೋದ ಮೇಲೆ ಕಂಡಕ್ಟರ್ ಇವತ್ತಿಗೂ ಸೀಟಿ ಊದಿ ಕೂಗುತ್ತಾನೆ:

"ಸಮುದ್ರ ಯಾರ್ರೀ, ಸಮುದ್ರ. ಬಾಗಿಲಿಗಿ ಬರ್ರಿ."

ಹೊಸಬರು ಗಾಬರಿಯಾಗಿ ಕಿಟಕಿಯಿಂದ ಹೊರಗೆ ನೋಡುತ್ತಾರೆ. ಭತ್ತದ ಗದ್ದೆ, ಕಾಲುವೆಯ ಏರಿ, ಜಾಲಿ ಗಿಡ, ಒಂದು ಪಂಕ್ಚರ್ ಅಂಗಡಿ. ಸಮುದ್ರ ಎಲ್ಲಿ ಎಂದು ಕೇಳಿದರೆ ಕಂಡಕ್ಟರ್ ಕೆಂಪು ಹೆಂಚಿನ ದೊಡ್ಡ ಮನೆಯೊಂದರ ಕಡೆಗೆ ಗದ್ದ ಎತ್ತಿ ತೋರಿಸಿ, ಮುಂದಿನ ಸೀಟಿಗೆ ಹೋಗಿಬಿಡುತ್ತಾನೆ. ಅದು ನಾನು ಹುಟ್ಟಿ ಬೆಳೆದ ಮನೆ. ಇಡೀ ರಾತ್ರಿ ಬಸ್ಸಿನಲ್ಲಿ ಕೂತರೂ ಮುಟ್ಟದಷ್ಟು ದೂರದ ಸಮುದ್ರಕ್ಕೆ ಮುಖ ಮಾಡಿ ಕಟ್ಟಿದ ಮನೆ. ಊರಿನವರು ಅದನ್ನು ಸಮುದ್ರದ ಬಂಗ್ಲೆ ಎಂದರು, ಬಸ್ಸಿನವರು ಬಂಗ್ಲೆಯನ್ನೂ ಬಿಟ್ಟು ಬರೀ ಸಮುದ್ರ ಎಂದರು. ನಾನು ಒಂದು ಕಡೆ ಕೂರುವ ಹೆಂಗಸಲ್ಲ. ಊಟದ ನಡುವೆ ತಾಟು ಹಿಡಿದುಕೊಂಡು ಎದ್ದು ಬೇರೆ ಕಡೆ ಹೋಗಿ ಕೂರುತ್ತೇನೆ, ಬೇರೆಯವರ ಮನೆಗೆ ಹೋದಾಗಲೂ ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಎತ್ತಿ ಗೋಡೆಯ ಬದಿಗೆ ಸರಿಸುತ್ತೇನೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಷ್ಟು ವರ್ಷವೂ ಮಕ್ಕಳು ನನ್ನ ಹಿಂದೆ ಕತ್ತು ತಿರುಗಿಸಿ ತಿರುಗಿಸಿ ಸೋತವು. ನನ್ನ ಗಂಡ ಇದಕ್ಕೆ ನನ್ನ ಸ್ವಭಾವವೇ ಕಾರಣ ಎನ್ನುತ್ತಾನೆ. ಆ ಮನೆಯಲ್ಲಿ ಅವನೊಂದು ಬೇಸಿಗೆ ಕಳೆದಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ಮನೆ ಕಟ್ಟಿಸಿದವನು ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ನಾನು ಅವನನ್ನು ನೋಡಿಲ್ಲ. ಅವನ ಕತೆಯನ್ನೆಲ್ಲ ಹೇಳಿದವಳು ಅವನ ಹೆಂಡತಿ, ನಮ್ಮ ಆಯಿ. ಕಾಲುವೆ ಬರುವ ಮೊದಲು ನಮ್ಮ ಎರೆಹೊಲದಲ್ಲಿ ಹತ್ತಿ ಬೆಳೆಯುತ್ತಿದ್ದ ಕಾಲ ಅದು. ಹತ್ತಿ ಅಂಡಿಗೆಗಳ ಬೆನ್ನು ಹತ್ತಿ ಮುತ್ಯಾ ಮುಂಬೈಗೆ ಹೋದ. ಅಲ್ಲಿ ಹತ್ತಿ ಕೊಳ್ಳುವ ಶೇಠರೊಬ್ಬರು ಸಮುದ್ರದ ದಂಡೆಯ ಮೇಲಿದ್ದ ತಮ್ಮ ಮನೆಗೆ ಊಟಕ್ಕೆ ಕರೆದರು. ಅಮೃತಶಿಲೆಯ ನೆಲ, ಬಣ್ಣದ ಗಾಜಿನ ಕಿಟಕಿಗಳು, ಒಬ್ಬರ ತೋಳಿಗೆ ಸಿಗದಷ್ಟು ದಪ್ಪನೆಯ ಸಾಗವಾನಿ ಕಂಬಗಳು, ಎದುರಿಗೆ ಕಣ್ಣು ಹೋದಷ್ಟು ದೂರ ನೀರು. ಶೇಠರು ಊಟವಾಗಿ ಮಲಗಿದಾಗ ಮುತ್ಯಾ ತನ್ನ ಧೋತರದ ಅಂಚಿಗೆ ಗಂಟು ಹಾಕಿಕೊಳ್ಳುತ್ತಾ ಇಡೀ ಮನೆಯನ್ನು ಅಳೆದನಂತೆ. ಕಂಬದಿಂದ ಕಂಬಕ್ಕೊಂದು ಗಂಟು, ಬಾಗಿಲಿಗೊಂದು ಗಂಟು. ಯಾವ ಕೋಣೆ ಯಾತಕ್ಕೆ ಎಂದು ಮಾತ್ರ ಕೇಳಲಿಲ್ಲ. ಉಂಡ ಮನೆಯಲ್ಲಿ ಕೋಣೆಗಳ ವಿಚಾರ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ; ಕೇಳಿದವನ ಕಣ್ಣು ಬೇರೆ ಇದೆ ಎಂದಾಗುತ್ತದೆ. ಗಂಟುಗಳನ್ನು ಬಿಚ್ಚದೆ ಧೋತರವನ್ನು ಮಡಿಚಿ ಊರಿಗೆ ತಂದು, ಲಿಂಗಸುಗೂರಿನಿಂದ ಕಟ್ಟುವ ಮೇಸ್ತ್ರಿಯನ್ನು ಕರೆಸಿ ಅವನ ಮುಂದೆ ಹಾಸಿದ. ವರ್ಷಗಳ ಮೇಲೆ ಮನೆ ಎದ್ದಿತು. ಆಯಿ ಈ ಕತೆಯನ್ನು ಹೇಳುವಾಗ ಪ್ರತಿ ಸಲವೂ ಧೋತರವನ್ನು ಹಾಸುವ ಹಾಗೆ ಎರಡೂ ಕೈ ಚಾಚಿ ನೆಲ ಸವರುತ್ತಿದ್ದಳು.

ಮುತ್ಯಾ ಒಂದನ್ನೂ ಬಿಟ್ಟಿರಲಿಲ್ಲ. ತೆರೆ ಒಳಗೆ ಬರಬಾರದೆಂದು ಶೇಠರು ಮನೆಯನ್ನು ಎತ್ತರದ ಕಟ್ಟೆಯ ಮೇಲೆ ಕಟ್ಟಿಸಿದ್ದರೆ, ತೆರೆಯ ಮಾತೇ ಇಲ್ಲದ ನಮ್ಮೂರಿನಲ್ಲೂ ಅಷ್ಟೇ ಎತ್ತರದ ಕಟ್ಟೆ, ಅಷ್ಟೇ ಮೆಟ್ಟಿಲು. ಆಯಿಯ ಮೊಣಕಾಲು ಹೋದದ್ದು ಆ ಮೆಟ್ಟಿಲುಗಳಿಂದಲೇ. ಕಂಪೌಂಡ್ ಗೋಡೆಯ ಬುಡದಲ್ಲಿ ಒಳಗೆ ನುಗ್ಗಿದ ಉಪ್ಪುನೀರು ಹರಿದುಹೋಗಲಿ ಎಂದು ಬಿಟ್ಟಿದ್ದ ತೂತುಗಳು ನಮ್ಮಲ್ಲಿಯೂ ಇದ್ದವು. ಅವುಗಳಲ್ಲಿ ಹಂದಿಮರಿ, ಊರ ಕೋಳಿ, ಒಮ್ಮೊಮ್ಮೆ ಹಾವು ಬರುತ್ತಿದ್ದವು. ಊರಿನ ಎಲ್ಲ ಮನೆಗಳದ್ದೂ ಮಣ್ಣಿನ ಮಾಳಿಗೆ, ಬೇಸಿಗೆ ಬಂದರೆ ಊರಿಗೆ ಊರೇ ಮಾಳಿಗೆಯ ಮೇಲೆ ಚಾಪೆ ಹಾಸುತ್ತಿತ್ತು. ನಮ್ಮದು ಮಾತ್ರ ಕಡಲ ಮಳೆಗೆಂದು ಇಳಿಜಾರು ಮಾಡಿದ ಹೆಂಚಿನ ಸೂರು. ಆ ಹೆಂಚುಗಳ ಮೇಲೆ ಬೆಕ್ಕು ಸಹ ಮಲಗುತ್ತಿರಲಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಪಡುವಣ ದಿಕ್ಕಿನ ಪಡಸಾಲೆ. ಮುಂಬೈಯ ಸಮುದ್ರ ಪಡುವಣಕ್ಕಿದೆ, ಅಲ್ಲಿಂದ ತಂಪು ಗಾಳಿ ಬರುತ್ತದೆ, ಆದ್ದರಿಂದ ಶೇಠರ ಮನೆಯ ಎಲ್ಲ ದೊಡ್ಡ ಕಿಟಕಿಗಳೂ ಆ ಕಡೆಗೇ. ನಮ್ಮ ಮನೆಯವೂ ಆ ಕಡೆಗೇ. ನಮ್ಮೂರಲ್ಲಿ ಪಡುವಣದಿಂದ ಬರುವುದು ಏನೆಂದು ರಾಯಚೂರು ಜಿಲ್ಲೆಯ ಹಸುಗೂಸಿಗೂ ಗೊತ್ತು. ಮಧ್ಯಾಹ್ನ ತಿರುಗಿತೋ ಇಲ್ಲವೋ, ಬಿಸಿಲು ಬಣ್ಣದ ಗಾಜುಗಳಲ್ಲಿ ನುಗ್ಗಿ ದಿವಾನಖಾನೆಯ ಹಿಂದಿನ ಗೋಡೆಯವರೆಗೂ ಹೋಗಿ ಬಡಿಯುತ್ತಿತ್ತು. ಕೆಂಪು, ಹಳದಿ, ನೀಲಿ ಬಿಸಿಲು. ಬಣ್ಣ ಯಾವುದಾದರೂ ಸುಡುವುದು ಒಂದೇ.

ಹೀಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಜಾಗ ಎಂಬುದೇ ಇರಲಿಲ್ಲ. ಬೆಳಿಗ್ಗೆ ಎಲ್ಲರೂ ಪಡುವಣ ಪಡಸಾಲೆಯಲ್ಲಿ. ಆಯಿಯ ಲಿಂಗಪೂಜೆ, ಅಪ್ಪನ ಚಹಾ, ನನ್ನ ಪಾಟಿ ಎಲ್ಲವೂ ಅಲ್ಲೇ. ಹೊತ್ತು ಏರುತ್ತಿದ್ದಂತೆ ಯಾರಾದರೊಬ್ಬರು ತೊಡೆ ತಟ್ಟಿ ಏಳುತ್ತಿದ್ದರು. "ಬಿಸಲ ಬಂತು, ಏಳ್ರಿ." ಅಷ್ಟೇ ಸಾಕು. ಹಾಸಿಗೆ, ಹಗ್ಗದ ಹೊರಸು, ತೊಟ್ಟಿಲು, ನೀರಿನ ಕೊಡ, ಆಯಿಯ ಮಣೆ, ಅರ್ಧ ಮುಗಿದ ಊಟ ಎಲ್ಲವೂ ಮೂಡಣದ ಕಾಳಿನ ಕೋಣೆಗೆ ಹೊರಡುತ್ತಿದ್ದವು. ಸಂಜೆಗೆ ಮತ್ತೆ ಬಾವಿಯ ಕಡೆಯ ಅಂಗಳಕ್ಕೆ. ನಾನು ಓದಲು ಕೂತರೆ ಪುಸ್ತಕದ ಜೊತೆ ನನ್ನನ್ನೂ ಎತ್ತಿಕೊಂಡೇ ಹೋಗುತ್ತಿದ್ದರು. ಇಷ್ಟು ಕೋಣೆಗಳ ಮನೆಯಲ್ಲಿ ಇದು ನನ್ನದು ಎನ್ನುವ ಒಂದು ಮೂಲೆ ಯಾರಿಗೂ ಇಲ್ಲ. ಅವ್ವ ಮಸ್ಕಿಯವಳು. ಗುಡ್ಡದ ಕೆಳಗೆ, ದಪ್ಪ ಕಲ್ಲಿನ ಗೋಡೆಯ ಮನೆಯಲ್ಲಿ ಹುಟ್ಟಿದವಳು. ಹೊರಸು ಹೊತ್ತು ಹೊತ್ತು ಅವಳಿಗೆ ತಲೆ ಕೆಟ್ಟಿತ್ತು.

"ಆ ಪಡುವಲ ಕಿಡಕಿಗೆ ಇಟ್ಟಂಗಿ ಇಟ್ಟು ಮುಚ್ಚಿಬಿಡ್ರಿ ಅಂತೀನಿ. ಎಲ್ಲಾರೂ ಒಂದ್ ಕಡಿ ಕುಂತು ಒಂದ್ ತುತ್ತು ಉಣ್ಣೂಣು."

"ಮುಚ್ಚು. ನನ್ನ ಮಣ್ಣು ಮಾಡಿದ ಮ್ಯಾಲ ಮುಚ್ಚು," ಎನ್ನುತ್ತಿದ್ದಳು ಆಯಿ.

ಈ ಜಗಳ ಜೋಳದ ರೊಟ್ಟಿಯಷ್ಟೇ ನಿತ್ಯದ್ದು. ಅಪ್ಪ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅವನಿಗೆ ತಾಯಿಯ ಹೆದರಿಕೆ, ಹೆಂಡತಿಯ ಹೆದರಿಕೆ, ಊರಿನವರು ನಗುತ್ತಾರೆಂಬ ಹೆದರಿಕೆ. ಕಾಲುವೆಯ ನೀರು ಬಂದ ಮೇಲಂತೂ ಆಯಿಯ ಹಟ ಇನ್ನಷ್ಟು ಬೆಳೆಯಿತು. ಪಡುವಣ ಹೊಲಗಳಲ್ಲಿ ಭತ್ತಕ್ಕೆಂದು ನೀರು ನಿಲ್ಲಿಸಿದಾಗ ಪಡಸಾಲೆಯಿಂದ ನೋಡಿದರೆ ದೂರದವರೆಗೂ ನೀರೇ ನೀರು. ಆಯಿ ಬಂದವರನ್ನೆಲ್ಲ ಕೈ ಹಿಡಿದು ಎಳೆದು ತಂದು, ನೋಡ್ರಿ ನಮ್ಮ ಮನ್ಯಾಗಿನವರು ಸಮುದ್ರ ಬರೂದಕ್ಕಿಂತ ಮೊದಲೇ ಮನಿ ಕಟ್ಟಿಸಿ ಇಟ್ಟಿದ್ದರು ಎಂದು ತೋರಿಸುತ್ತಿದ್ದಳು. ಸಮುದ್ರದ ಜೊತೆಗೆ ಸೊಳ್ಳೆಗಳೂ ಬಂದವು. ಅದನ್ನು ಅವ್ವ ನೆನಪು ಮಾಡುತ್ತಿದ್ದಳು.

ಇಂಥ ಮನೆಗೆ ನೀಲತ್ತಿ ಹಿಂದಿರುಗಿ ಬಂದಳು. ನೀಲಮ್ಮ ಅಪ್ಪನ ತಂಗಿ. ಲಿಂಗಸುಗೂರಿನಲ್ಲಿ ಅವಳ ಗಂಡ ಇನ್ನೊಬ್ಬಳನ್ನು ಮನೆಗೆ ತಂದುಕೊಂಡಿದ್ದ. ಹಿರಿಯರು ಪಂಚಾಯ್ತಿ ಮಾಡಿ ಇಬ್ಬರೂ ಹೊಂದಿಕೊಂಡು ಇರ್ರಿ ಎಂದು ಬುದ್ಧಿ ಹೇಳಿದರು. ನೀಲತ್ತಿ ಅವರಿಗೆಲ್ಲ ಚಹಾ ಮಾಡಿ ಕೊಟ್ಟು, ಕಪ್ಪುಗಳನ್ನು ತೊಳೆದಿಟ್ಟು, ಹೊಲಿಗೆ ಮಶೀನನ್ನು ಟೆಂಪೋಗೆ ಹಾಕಿಕೊಂಡು ತವರಿಗೆ ಬಂದುಬಿಟ್ಟಳು. ಕಾಲಿನಿಂದ ತುಳಿಯುವ, ಕಬ್ಬಿಣದ ಕಾಲುಗಳ ಭಾರದ ಮಶೀನು. ಅವಳು ಗಟ್ಟಿಯಾಗಿ ನಗುವವಳು, ಗಟ್ಟಿಯಾಗಿ ಬೈಯುವವಳು. ಅತ್ತದ್ದನ್ನು ನಾನು ನೋಡಲಿಲ್ಲ. ಬಂದ ಮರುದಿನವೇ ಪಡಸಾಲೆಯಲ್ಲಿ ಮಶೀನಿಟ್ಟು ಕುಪ್ಪಸ ಹೊಲಿಯಲು ಕೂತಳು. ಹೊತ್ತು ಏರಿತು, "ಬಿಸಲ ಬಂತು" ಎಂದರು. ನೀಲತ್ತಿ ಮಶೀನಿನ ಒಂದು ಕಡೆ ಹಿಡಿದು ನನ್ನನ್ನು ನೋಡಿದಳು.

"ಏ ಈರಿ, ಆ ಕಡಿ ಹಿಡಿಬೇ."

ಅವತ್ತಿನಿಂದ ಆ ಕಡೆ ಹಿಡಿಯುವುದು ನನ್ನ ಕೆಲಸವಾಯಿತು. ಪಡಸಾಲೆಯಿಂದ ಕಾಳಿನ ಕೋಣೆಗೆ, ಕಾಳಿನ ಕೋಣೆಯಿಂದ ಅಂಗಳಕ್ಕೆ. ಹೊಸ್ತಿಲು ದಾಟುವಾಗಲೆಲ್ಲ ಮಶೀನಿನ ಪಟ್ಟಿ ಕಳಚಿ, ಸೂಜಿ ಮುರಿದು, ಅಳತೆ ತಪ್ಪಿ, ಅವಳ ಬಾಯಿಂದ ಮಠಕ್ಕೆ ಕೇಳಿಸಬಾರದಂಥ ಮಾತುಗಳು ಬರುತ್ತಿದ್ದವು. ಕಾಳಿನ ಕೋಣೆಯ ಕತ್ತಲಲ್ಲಿ ಕಪ್ಪು ದಾರ ಯಾವುದು ನೀಲಿ ದಾರ ಯಾವುದು ತಿಳಿಯುತ್ತಿರಲಿಲ್ಲ. ಇದಕ್ಕಿಂತ ಕಷ್ಟದ್ದು ಗಿರಾಕಿಗಳದ್ದು. ಹೆಣ್ಣುಮಕ್ಕಳು ಅಳತೆ ಕೊಡಬೇಕೆಂದರೆ ಮುಂದಿನ ಮೆಟ್ಟಿಲು ಹತ್ತಿ, ದಿವಾನಖಾನೆಯಲ್ಲಿ ಅಪ್ಪನೂ ಅವನ ಗೆಳೆಯರೂ ಕೂತಲ್ಲಿಂದಲೇ ಹಾದು ಬರಬೇಕು. ಬಂದರೂ ನೀಲತ್ತಿ ಆ ಹೊತ್ತಿಗೆ ಎಲ್ಲಿ ಇದ್ದಾಳೆ ಎಂದು ಮನೆಯೆಲ್ಲ ಹುಡುಕಬೇಕು. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ಹೆಂಗಸರಿಬ್ಬರು ಒಮ್ಮೆ ಬಟ್ಟೆ ಹಿಡಿದು ಬಂದು, ಮೆಟ್ಟಿಲ ಕೆಳಗೆ ನಿಂತು, ಒಳಗೆ ಗಂಡಸರ ಮಾತು ಕೇಳಿ ಹಾಗೇ ತಿರುಗಿ ಹೋದರು. ನೀಲತ್ತಿ ಅಂಗಳದಿಂದ ಓಡಿ ಬರುವಷ್ಟರಲ್ಲಿ ಅವರು ಬಸ್ಸು ಹತ್ತಿದ್ದರು. ಅವಳು ಬಹಳ ಹೊತ್ತು ದಾರಿಯನ್ನೇ ನೋಡುತ್ತಾ ನಿಂತಿದ್ದಳು.

ಮನೆಯಲ್ಲಿ ಒಂದೇ ಒಂದು ಕೋಣೆಗೆ ಬಿಸಿಲಿನ ಕಾಟವಿರಲಿಲ್ಲ. ಅದು ಬಡಗಣ ಬದಿಗೆ, ಕಟ್ಟೆಯ ಮೈಯಲ್ಲೇ ಅರ್ಧ ಇಳಿದಿತ್ತು. ಕಲ್ಲಿನ ಗೋಡೆ, ಕಲ್ಲಿನ ನೆಲ, ದಿನವಿಡೀ ಒಂದೇ ಸಮನಾದ ಬೆಳಕು ಕೊಡುವ ಅಗಲದ ಕಿಟಕಿ. ಒಳಗಿನಿಂದ ಇಳಿಯಲು ನಾಲ್ಕಾರು ಮೆಟ್ಟಿಲು. ಹೊರಗೆ ಹಿತ್ತಲ ದಾರಿಗೆ ಅದರದೇ ಒಂದು ಬಾಗಿಲು. ಇಡೀ ಮನೆಯಲ್ಲಿ ಸ್ವಂತ ಬಾಗಿಲಿದ್ದ ಕೋಣೆ ಅದೊಂದೇ. ನಡುವೆ ಬಿಳಿ ಅಮೃತಶಿಲೆಯ ಉದ್ದನೆಯ ತೊಟ್ಟಿ, ಅದರ ಪಕ್ಕಕ್ಕೆ ಮೊಣಕಾಲಿಗಿಂತ ಕೆಳಗೆ ಹಿತ್ತಾಳೆಯ ನಳ. ಇಷ್ಟು ಚೆಂದದ ತೊಟ್ಟಿ, ಬೇರೆಯದೇ ಬಾಗಿಲು, ಕಾಲಿನ ಮಟ್ಟಕ್ಕೆ ನಳ. ಇದು ಯಾರಿಗೆಂದು ಮುತ್ಯಾ ಯೋಚಿಸಿ ಯೋಚಿಸಿ ತಾನೇ ತೀರ್ಮಾನಕ್ಕೆ ಬಂದಿದ್ದ. ದೊಡ್ಡ ಮೆಹಮಾನರಿಗೆ. ಬಂದವರ ಕಾಲು ತೊಳೆದು ಒಳಗೆ ಕರೆಯುವುದು ನಮ್ಮಲ್ಲಿದ್ದ ಹಾಗೆ ಅವರಲ್ಲೂ ಇರಬೇಕಲ್ಲ. ಅದಕ್ಕೇ ಅದು ಮೆಹಮಾನ್ ಖೋಲಿ, ಅತಿಥಿಗಳ ಕೋಣೆ. ಆದರೆ ನಮ್ಮ ಮನೆಗೆ ಬರುವ ಮೆಹಮಾನರೆಂದರೆ ಮಸ್ಕಿಯ ಸೋದರಮಾವ, ಬೀಗರು, ಎತ್ತಿನ ದಲಾಲರು. ಇವರಿಗೆ ಆ ಕೋಣೆ ಹೆಚ್ಚಾಯಿತು ಎಂದು ಆಯಿಯ ಲೆಕ್ಕ. ಆದ್ದರಿಂದ ವರ್ಷವಿಡೀ ಬೀಗ. ಶ್ರಾವಣದಲ್ಲಿ ಒಂದು ದಿನ ಮಠದ ಅಯ್ಯನವರು ಬಂದಾಗ ಮಾತ್ರ ತೆಗೆಯುತ್ತಿದ್ದರು. ತೊಟ್ಟಿಯ ಅಂಚಿಗೆ ಮಡಿಬಟ್ಟೆ ಹಾಸಿ, ಅಯ್ಯನವರನ್ನು ಕೂಡಿಸಿ, ಅವರ ಪಾದಗಳನ್ನು ಅಮೃತಶಿಲೆಯೊಳಗೆ ಇಳಿಸಿ, ಆ ಹಿತ್ತಾಳೆ ನಳದ ನೀರಿನಿಂದಲೇ ಪಾದಪೂಜೆ. ಆ ನೀರನ್ನು ನಾವೆಲ್ಲ ಅಂಗೈಯಲ್ಲಿ ಹಿಡಿದು ಕುಡಿಯುತ್ತಿದ್ದೆವು. ನೀಲತ್ತಿ ಬಂದ ವರ್ಷ ಅವಳೂ ನೀರು ಹಾಕಲು ತಂಬಿಗೆ ಹಿಡಿದು ಬಂದಳು. ಗಂಡನ ಮನಿ ಬಿಟ್ಟು ಬಂದಾಕಿ, ಅಡಗಿ ಮನ್ಯಾಗಿರು ಎಂದು ಆಯಿ ಮೆಲ್ಲಗೆ ಹೇಳಿದಳು. ನೀಲತ್ತಿ ತಂಬಿಗೆಯನ್ನು ಅಲ್ಲೇ ಇಟ್ಟು ಹೋದಳು.

ಅವಳು ಆ ಕೋಣೆಯನ್ನು ಬಾಯಿ ಬಿಟ್ಟು ಕೇಳಿದ್ದು ಒಂದು ಮಧ್ಯಾಹ್ನದ ಊಟದ ಹೊತ್ತಿಗೆ. ಕಾಳಿನ ಕೋಣೆಯಲ್ಲಿ ಎಲ್ಲರೂ ಚೀಲಗಳ ನಡುವೆ ಜಾಗ ಮಾಡಿಕೊಂಡು ಕೂತಿದ್ದೆವು. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ.

"ಅಣ್ಣಾ, ಆ ಮೆಹಮಾನ್ ಖೋಲಿ ನನಗ ಕೊಡು," ಎಂದಳು ನೀಲತ್ತಿ. "ಮಶೀನ್ ಇಟ್ಕೊಂತೀನಿ. ಹೊರಗಿನ ಬಾಗಲಾ ಐತಿ, ಹೆಣಮಕ್ಳು ಅಲ್ಲಿಂದ ಅಲ್ಲೇ ಬಂದು ಹೋಗ್ತಾರ. ನಿಮಗೂ ಕಿರಿಕಿರಿ ಇಲ್ಲ."

ಅಪ್ಪ ತಾಟಿನಲ್ಲೇ ಬೆರಳಾಡಿಸುತ್ತಾ ಆಯಿಯ ಕಡೆ ನೋಡಿದ.

"ಮೆಹಮಾನರು ಬಂದ್ರ?" ಎಂದಳು ಆಯಿ.

"ಯಾವ ಮೆಹಮಾನರು ಯವ್ವ? ನಾ ಹುಟ್ಟಿದಾಗಿಂದ ನೋಡಾಕತ್ತೀನಿ, ಒಬ್ಬರೂ ಬಂದಿಲ್ಲ."

"ಬಂದಿಲ್ಲಂತ ಬರಂಗಿಲ್ಲೇನು? ಅಯ್ಯನವರ ಪಾದ ಇಟ್ಟ ಜಾಗ ಅದು. ಅದರಾಗ ನೀ ಊರ ಹೆಣಮಕ್ಕಳ ಕುಪ್ಪಸ ಹೊಲೀತಿ?"

"ಹಂಗಾರ ನಾ ಎಲ್ಲಿರ್ಲಿ ಹೇಳು. ಒಂದ್ ಜಾಗ ತೋರ್ಸು. ಮುಂಜಾನಿ ಅಲ್ಲಿ, ಮಧ್ಯಾನ ಇಲ್ಲಿ. ಗಂಡನ ಮನ್ಯಾಗೂ ಹಿಂಗ ಆಗಿತ್ತು, ಆಕಿ ಬಂದ ಮ್ಯಾಲ ದಿನಾ ನನ್ನ ಟ್ರಂಕ್ ಒಂದೊಂದ್ ಕಡಿ ಇರ್ತಿತ್ತು."

ಅವ್ವ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವ್ವನ ಕೈಯಲ್ಲಿದ್ದರೆ ಅವತ್ತೇ ಕೊಟ್ಟುಬಿಡುತ್ತಿದ್ದಳು, ನನಗೆ ಗೊತ್ತು. ನನಗಂತೂ ಸಂಕಟವಾಗಿತ್ತು; ಅತ್ತೆಗಾಗಿ ಅಷ್ಟೇ ಅಲ್ಲ. ಅವಳಿಗೆ ಆ ಕೋಣೆ ಸಿಕ್ಕರೆ ಅದರ ಒಂದು ಮೂಲೆ ನನಗೂ ಸಿಗುತ್ತದೆ, ಕೂತಲ್ಲೇ ಕೂತು ಒಂದು ಪುಸ್ತಕ ಮುಗಿಸಬಹುದು ಎಂದು ಆಸೆ ಮಾಡಿಕೊಂಡಿದ್ದೆ.

ಮೆಹಮಾನರು ಬಂದೇ ಬಂದರು. ಅದೂ ಯಾರು, ಮುಂಬೈಯ ಆ ಶೇಠರ ಮೊಮ್ಮಗ. ಸಿಂಧನೂರಿನ ರೈಸ್ ಮಿಲ್ಲಿಗೆ ಅಕ್ಕಿ ಖರೀದಿಗೆಂದು ಬಂದವನು, ಅಲ್ಲಿ ಯಾರೋ ಸಮುದ್ರದ ಬಂಗ್ಲೆಯ ಕತೆ ಹೇಳುವಾಗ ತನ್ನ ಅಜ್ಜನ ಹೆಸರು ಕೇಳಿ ಬೆಚ್ಚಿಬಿದ್ದು, ನೋಡಲೇಬೇಕೆಂದು ಹೇಳಿಕಳಿಸಿದ. ನಮ್ಮ ಮನೆಯವರಿಗೆ ಕೈಕಾಲು ಆಡದಾಯಿತು. ಆಯಿ ಮಡಿಚಿಟ್ಟ ಇಳಕಲ್ ಸೀರೆ ತೆಗೆದಳು. ಹೋಳಿಗೆ, ತುಪ್ಪ, ಎಣ್ಣೆಗಾಯಿ, ಸಜ್ಜೆ ರೊಟ್ಟಿ. ಮೆಹಮಾನ್ ಖೋಲಿಯ ಬೀಗ ತೆಗೆದು ತೊಟ್ಟಿಯನ್ನು ತೊಳೆದು, ನಳಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ನೀಲತ್ತಿಗೇ ಬಿತ್ತು. ಅವಳು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಇಣುಕಿದಾಗ ತೊಟ್ಟಿ ಆಗಲೇ ಹೊಳೆಯುತ್ತಿತ್ತು; ಅವಳು ಕಿಟಕಿಯ ಕೆಳಗೆ ನಿಂತು, ಮಶೀನು ಎಲ್ಲಿ ಹಿಡಿಸುತ್ತದೆ ಎಂದು ಗೇಣು ಹಾಕಿ ನೆಲ ಅಳೆಯುತ್ತಿದ್ದಳು.

ಬಂದವನು ಅಪ್ಪನಿಗಿಂತ ಹಿರಿಯ, ತೆಳ್ಳಗಿನ ಮನುಷ್ಯ. ಗೇಟಿನಲ್ಲೇ ನಿಂತುಬಿಟ್ಟ. ಮೆಟ್ಟಿಲುಗಳನ್ನು, ಕಂಬಗಳನ್ನು, ಬಣ್ಣದ ಗಾಜುಗಳನ್ನು ನೋಡುತ್ತಾ ನೋಡುತ್ತಾ ಅವನ ಕಣ್ಣು ತುಂಬಿ ಬಂದವು. ಅವನು ಹಿಂದಿಯಲ್ಲಿ ಹೇಳಿದ್ದನ್ನು ಅಪ್ಪ ಆಯಿಗೆ ತಿಳಿಸಿ ಹೇಳುತ್ತಾ ಹೋದ. ನಿಜಾಮನ ಕಾಲದ ಶಾಲೆಯ ಉರ್ದು ಅಪ್ಪನಿಗೆ ಇತ್ತು. ಸಮುದ್ರದ ದಂಡೆಯ ಅವರ ಮನೆ ಈಗ ಇಲ್ಲವಂತೆ. ಅದನ್ನು ಕೆಡವಿ ಅಲ್ಲಿ ದೊಡ್ಡ ಕಟ್ಟಡ ಎಬ್ಬಿಸಿದ್ದಾರಂತೆ. ಅವನ ಬಳಿ ಆ ಮನೆಯದು ಒಂದು ಇಟ್ಟಿಗೆಯೂ ಇಲ್ಲವಂತೆ. ಪಡಸಾಲೆಗೆ ಬಂದು, ಇಲ್ಲಿ ನನ್ನ ಅಜ್ಜಿ ಕೂತು ತರಕಾರಿ ಆರಿಸುತ್ತಿದ್ದಳು ಎಂದ. ಒಂದು ಕಂಬವನ್ನು ಮುಟ್ಟಿ, ಇದರ ಹಿಂದೆ ನಾನು ಅಡಗಿ ಕೂರುತ್ತಿದ್ದೆ ಎಂದ. ಅವನು ಎಂದೂ ಮುಟ್ಟಿರದ ಕಂಬ ಅದು. ಆದರೆ ಅವನ ಕೈ ಅದನ್ನು ಗುರುತು ಹಿಡಿದ ಹಾಗೆ ಸವರುತ್ತಿತ್ತು. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗಂಡನ ಮೇಲೆ ಊರು ನಕ್ಕಿದ್ದೆಲ್ಲ ಅವತ್ತು ತೀರಿತು ಎನ್ನುವ ಹಾಗಿತ್ತು ಅವಳ ಮುಖ.

ಊಟವಾದ ಮೇಲೆ ಆಯಿ ತಾನೇ ಮುಂದಾಗಿ, ಮೊಣಕಾಲು ನೋವನ್ನೂ ಲೆಕ್ಕಿಸದೆ ಮೆಟ್ಟಿಲಿಳಿದು ಮೆಹಮಾನ್ ಖೋಲಿಗೆ ಅವನನ್ನು ಕರೆದೊಯ್ದಳು. ಹಿಂದೆ ಅಪ್ಪ, ಅವ್ವ, ಬಾಗಿಲಲ್ಲಿ ನೀಲತ್ತಿ, ಅವಳ ಸೆರಗು ಹಿಡಿದು ನಾನು. ಆ ಮನುಷ್ಯ ತೊಟ್ಟಿಯನ್ನು ನೋಡಿದ, ನಳವನ್ನು ನೋಡಿದ, ಚಪ್ಪಾಳೆ ತಟ್ಟಿ ಸಣ್ಣ ಹುಡುಗನ ಹಾಗೆ ನಗತೊಡಗಿದ. ನಗುತ್ತಾ ನಗುತ್ತಾ ಬಗ್ಗಿ ತೊಟ್ಟಿಯ ಅಂಚು ಸವರಿ, ಏನೇನೋ ಹೇಳುತ್ತಾ ಹೋದ. ಅಪ್ಪ ಇದ್ದಕ್ಕಿದ್ದಂತೆ ಸುಮ್ಮನಾದ.

"ಏನಂದ್ರಪಾ?" ಎಂದಳು ಆಯಿ.

"ಛಲೋ ಐತಿ ಅಂದ್ರು."

"ಅಷ್ಟೊತ್ತು ಮಾತಾಡ್ಯಾರ. ಛಲೋ ಐತಿ ಅಂತ ಅಷ್ಟೇನು?"

ಅಪ್ಪ ಗೋಡೆ ನೋಡಿದ. ಆಯಿ ಸುತ್ತ ನೋಡಿ ಕೊನೆಗೆ ಮಗಳ ಕಡೆ ತಿರುಗಿದಳು. ಲಿಂಗಸುಗೂರಿನಲ್ಲಿ ನೀಲತ್ತಿಯ ನೆರೆಹೊರೆಯೆಲ್ಲ ಮುಸಲ್ಮಾನರ ಮನೆಗಳು. ಅವಳಿಗೆ ಆ ಮಾತು ನೀರು ಕುಡಿದಷ್ಟು ಸಲೀಸು.

"ನೀಲವ್ವ, ನಿನಗ ತಿಳೀತೈತಲ್ಲ. ಏನಂದ್ರು ಹೇಳು."

ನೀಲತ್ತಿ ಕೇಳಬ್ಯಾಡ ಎಂದು ತಾಯಿಗೆ ಕಣ್ಣಲ್ಲೇ ಹೇಳಿದ್ದು ನನಗೆ ಕಂಡಿತು. ಆಯಿ ಮತ್ತೆ ಕೇಳಿದಳು.

"ಅವರ ಮನ್ಯಾಗ ಇದು ನಾಯಿ ಖೋಲಿ ಅಂತ ಯವ್ವ. ನಾಯಿಗೋಳು, ಹುಡುಗರು ಸಮುದ್ರದಾಗ ಆಡಿ ಉಸುಕು ಮೆತ್ತಿಕೊಂಡು ಬರ್ತಿದ್ದರಂತ. ಮನಿಯೆಲ್ಲಾ ಹೊಲಸು ಆಕ್ಕೈತಿ ಅಂತ ಈ ಕಡಿ ಬಾಗಲದಿಂದ ಒಳಗ ತಂದು, ಈ ತೊಟ್ಯಾಗ ನಿಂದ್ರಿಸಿ ತೊಳೀತಿದ್ದರಂತ. ಇವರ ನಾಯಿಗಿ ಈ ತೊಟ್ಟಿ ಅಂದ್ರ ಭಾಳ ಸೇರ್ತಿತ್ತಂತ."

ಪಾಪ, ಆ ಮನುಷ್ಯನಿಗೆ ತಾನೇನು ಮಾಡಿದೆನೆಂದು ಗೊತ್ತಿರಲಿಲ್ಲ. ಅವನು ಇನ್ನೂ ನಗುತ್ತಲೇ ಇದ್ದ, ತನ್ನ ಸತ್ತ ನಾಯಿಯ ಹೆಸರು ಹಿಡಿದು ಕರೆದ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಮೇಲೆ ಓಡಿದಳು. ನನಗೆ ಅಂಗೈಯಲ್ಲಿ ಹಿಡಿದು ಕುಡಿದ ನೀರೆಲ್ಲ ನೆನಪಾಗಿ ನಗಬೇಕೋ ಉಗುಳಬೇಕೋ ತಿಳಿಯಲಿಲ್ಲ. ಆಯಿ ಮಾತ್ರ ನೆಟ್ಟಗೆ ನಿಂತಿದ್ದಳು. ಮೆಹಮಾನನಿಗೆ ಎಲೆಯಡಿಕೆ ಕೊಟ್ಟು, ಧೋತರ ಉಡುಗೊರೆಯಿತ್ತು ಆಹೇರಿ ಮಾಡಿ, ಗೇಟಿನ ತನಕ ಹೋಗಿ ಕಳಿಸಿಬಂದಳು. ಆಮೇಲೆ ಕಾಳಿನ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ.

ಬೆಳಿಗ್ಗೆ ಅಪ್ಪ ಆಳುಗಳನ್ನು ಕರೆದು ಗೊಬ್ಬರದ ಚೀಲಗಳನ್ನೆಲ್ಲ ಆ ಖೋಲಿಗೆ ಒಟ್ಟಲು ಹೇಳಿದ. ಅವನಿಗೆ ಆ ತೊಟ್ಟಿ ಕಣ್ಣಿಗೆ ಬೀಳಬಾರದಾಗಿತ್ತು. ಮೊದಲ ಚೀಲ ಮೆಟ್ಟಿಲು ಇಳಿಯುವಷ್ಟರಲ್ಲಿ ಆಯಿ ಎದ್ದು ಬಂದು ಅಡ್ಡ ನಿಂತಳು. ತಲೆಗೂದಲು ಕೆದರಿತ್ತು, ಹಣೆಗೆ ವಿಭೂತಿಯಿರಲಿಲ್ಲ.

"ಗೊಬ್ಬರ ಹಾಕಬ್ಯಾಡ. ನಿಮ್ಮಪ್ಪ ಕಟ್ಟಿಸಿದ್ದು ಮೆಹಮಾನ್ ಖೋಲಿ."

"ಯವ್ವ, ಅದು ಏನಂತ ನಿನ್ನೆ ಕೇಳಿದಿಯಲ್ಲ."

"ಅವರ ಮನ್ಯಾಗ ಏನರ ಇರ್ಲಿ. ಇದು ನನ್ನ ಮನಿ. ಖಾಲಿ ಇಟ್ಟಿದ್ದಕ್ಕ ಇಷ್ಟೆಲ್ಲ ಮಾತು ಬಂತು. ಮೆಹಮಾನರು ಇದ್ರ ಅದು ಮೆಹಮಾನ್ ಖೋಲಿನ." ಅವಳು ಸುತ್ತ ನೋಡಿದಳು. "ನೀಲವ್ವ ಇರ್ಲಿ ಅದರಾಗ. ಇವತ್ತಿಂದ ಆಕಿ ಈ ಮನೀ ಮೆಹಮಾನ."

ನನಗೆ ಕುಣಿಯಬೇಕೆನಿಸಿತು. ಓಡಿಹೋಗಿ ಮಶೀನಿನ ನನ್ನ ಕಡೆಯನ್ನು ಹಿಡಿದೂ ಬಿಟ್ಟೆ. ನೀಲತ್ತಿ ಬರಲಿಲ್ಲ. ಅವಳು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲೇ ಇಲ್ಲ.

"ಮೆಹಮಾನ ಅಂತ ಕೊಟ್ರ ನನಗ ಬ್ಯಾಡ ಯವ್ವ."

"ಯಾಕ? ನೀನ ಕೇಳಿದ್ದಿಲ್ಲೇನು?"

"ಕೇಳಿದ್ದೆ. ಖೋಲಿ ಕೇಳಿದ್ದೆ. ಮೆಹಮಾನರು ನಾಕ್ ದಿನ ಇದ್ದು ಎದ್ದು ಹೋಗಬೇಕು. ನಾ ಎಲ್ಲಿಗಿ ಹೋಗ್ಲಿ?" ಎಂದಳು ನೀಲತ್ತಿ. "ನಾಯಿ ಖೋಲಿ ಅಂತನ ಕೊಡು. ನಾಯಿ ಆದ್ರ ಮನೀದು ಆಗಿರತೈತಿ."

ಆಳುಗಳು ಚೀಲ ಹೊತ್ತುಕೊಂಡೇ ತಲೆ ತಗ್ಗಿಸಿದರು. ಅಪ್ಪ "ಲೇ ನೀಲಾ" ಎಂದ. ಆಯಿಯ ತುಟಿ ಅಲುಗಿದವು. ಹಟಮಾರಿ, ನಿಮ್ಮಪ್ಪನ್ನಂಗ ಎಂದೋ ಏನೋ ಗೊಣಗಿ ಒಳಗೆ ಹೋದಳು. ಬೇಡ ಎನ್ನಲಿಲ್ಲ. ಅಪ್ಪನೇ ಬಂದು ಮಶೀನಿನ ಇನ್ನೊಂದು ಕಡೆ ಹಿಡಿದ. ನನ್ನ ಅಪ್ಪ ಆ ಮನೆಯಲ್ಲಿ ಯಾರ ಸಾಮಾನಿಗಾದರೂ ಕೈ ಹಚ್ಚಿ ಎತ್ತಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮಶೀನು ಕಿಟಕಿಯ ಕೆಳಗೆ ಕೂತಿತು. ನೀಲತ್ತಿ ತೊಟ್ಟಿಗೆ ಹಲಗೆ ಮುಚ್ಚಿ ಅದರ ಮೇಲೆ ಬಟ್ಟೆ ಕತ್ತರಿಸತೊಡಗಿದಳು. ಹಿತ್ತಲ ಬಾಗಿಲು ತೆರೆದಿತ್ತು. ಮೊದಮೊದಲು ಊರಿನ ಹೆಣ್ಣುಮಕ್ಕಳು, ಆಮೇಲೆ ಕ್ಯಾಂಪಿನ ಹೆಂಗಸರು, ಗೊರೇಬಾಳದ ಮದುವೆ ಮನೆಯವರು. ಅಯ್ಯನವರ ಪಾದಪೂಜೆ ಮುಂದಿನ ಶ್ರಾವಣದಿಂದ ದೇವರ ಮನೆಯಲ್ಲೇ ನಡೆಯಿತು. ಅವರು ಕಾರಣ ಕೇಳಲಿಲ್ಲ, ನಾವೂ ಹೇಳಲಿಲ್ಲ. ನಾನು ಒಂದು ಮೂಲೆಯಲ್ಲಿ ಚಿಂದಿ ಬಟ್ಟೆಗಳ ಮೇಲೆ ಕೂತು ಓದುತ್ತಿದ್ದೆ. ಮೇಲೆ "ಬಿಸಲ ಬಂತು" ಎಂದು ಹೊರಸುಗಳನ್ನು ಎಳೆಯುವ ಸದ್ದಾದರೆ ಕಾಲು ತಾವೇ ಎದ್ದು ನಿಲ್ಲುತ್ತಿದ್ದವು. ನೀಲತ್ತಿ ಬಟ್ಟೆಯಿಂದ ಕಣ್ಣೆತ್ತದೆ, ಕುಂದ್ರಬೇ, ನಿನಗಲ್ಲ ಅದು ಎನ್ನುತ್ತಿದ್ದಳು. ನಾನು ಕೂರುತ್ತಿದ್ದೆ, ಮತ್ತೆ ಏಳುತ್ತಿದ್ದೆ. ಆ ಚಟ ನನಗೆ ಆಗಲೇ ಹತ್ತಿಬಿಟ್ಟಿತ್ತು.

ಆಯಿ ಮಗಳ ಜೊತೆ ಮಾತು ಬಿಟ್ಟಿದ್ದಳು. ಒಂದೇ ಮನೆ, ಒಂದೇ ಒಲೆ, ಮಾತು ಮಾತ್ರ ಅವ್ವನ ಮೂಲಕ. ಆ ಖೋಲಿಗಂತೂ ಕಾಲಿಡಲಿಲ್ಲ. ಮಳೆಗಾಲ ಹೋಗಿ ಚಳಿ ಬಂದಿತು. ಒಂದು ಮಧ್ಯಾಹ್ನ ನಾನು ನನ್ನ ಮೂಲೆಯಲ್ಲಿದ್ದಾಗ ಹಿತ್ತಲ ದಾರಿಯಲ್ಲಿ ಕಾಲೆಳೆದು ಬರುವ ಸದ್ದು ಕೇಳಿಸಿತು. ಒಳಗಿನಿಂದ ಬಂದಿದ್ದರೆ ನಾಲ್ಕಾರು ಮೆಟ್ಟಿಲು ಅಷ್ಟೇ. ಆಯಿ ಮುಂದಿನ ಎತ್ತರದ ಮೆಟ್ಟಿಲುಗಳನ್ನೆಲ್ಲ ಇಳಿದು, ಇಡೀ ಮನೆಯನ್ನು ಸುತ್ತು ಹಾಕಿ, ಊರಿನ ಹೆಣ್ಣುಮಕ್ಕಳೆಲ್ಲ ಬರುವ ಬಾಗಿಲಿಗೆ ಬಂದು ನಿಂತಿದ್ದಳು. ಕಂಕುಳಲ್ಲಿ ಒಂದು ಕುಪ್ಪಸದ ಖಣ. ಹೊಸ್ತಿಲು ದಾಟಲಿಲ್ಲ. ಏದುಸಿರು ಬಿಡುತ್ತಾ ಚೌಕಟ್ಟು ಹಿಡಿದು, ಒಳಗಿನ ನೆರಳಿಗೆ ಕಣ್ಣು ಹೊಂದದೆ ಕರೆದಳು:

"ನೀಲವ್ವ, ಅದೀಯೇನವಾ?"

ಮಶೀನು ನಿಂತಿತು.

"ಇಲ್ಲೇ ಅದೀನಿ ಯವ್ವ," ಎಂದಳು ನೀಲತ್ತಿ. "ಇಲ್ಲೇ ಇರ್ತೀನಿ."